ತೊಂಬತ್ತೊಂಬತ್ತು ಕುರಿ ಕಾದ ತಮ್ಮ

ಚಂದ್ರಾಬಾಯಿಯ ಕೈಯಲ್ಲಿರುತ್ತಿದ್ದ ಪುಸ್ತಕ ಮರಾಠಿ, ಬಾಯಿಂದ ಬರುತ್ತಿದ್ದ ಮಾತು ಕನ್ನಡ. ಒಂದಲ್ಲ ಎರಡಲ್ಲ, ಮೂವತ್ತೊಂದು ವರ್ಷ ಅವಳು ಹೀಗೇ ಓದಿದಳು. ಅಸಂಗಿಯಲ್ಲಿ ಯೇಸುಸ್ವಾಮಿಗೆ ನಡೆದುಕೊಳ್ಳುವ ಮನೆಗಳು ಹದಿನಾಲ್ಕು. ಆ ಹದಿನಾಲ್ಕೂ ಮನೆಯವರು ರವಿವಾರ ಮುಂಜಾನೆ ಅವಳ ಪಡಸಾಲೆಯಲ್ಲಿ ಕೂಡುತ್ತಿದ್ದರು. ಪ್ರಾರ್ಥನೆ ಯಾರಾದರೂ ಮಾಡಲಿ, ಹಾಡು ಯಾರಾದರೂ ಎತ್ತಲಿ, ಶಾಸ್ತ್ರ ಓದುವುದು ಮಾತ್ರ ಚಂದ್ರಾಬಾಯಿಯ ಪಾಲು. ಅವಳು ಸಾಲಿನ ಮೇಲೆ ಬೆರಳಿಡುವಳು, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ನೋಡುವಳು, ತಲೆಯೆತ್ತಿ ಅದನ್ನೇ ಕನ್ನಡದಲ್ಲಿ ಹೇಳುವಳು. ಎಲ್ಲಿಯೂ ತಡವರಿಕೆ ಇಲ್ಲ. ಹೊರಗಿನಿಂದ ಬಂದವರು ಅವಳ ಕೈಯಲ್ಲಿರುವುದು ಕನ್ನಡ ಪುಸ್ತಕವೆಂದೇ ತಿಳಿದು ಹೋಗುತ್ತಿದ್ದರು. ಇಂಥ ಕೆಲಸಕ್ಕೆ ಪೇಟೆಯಲ್ಲಿ ಅನುವಾದ ಎಂದು ಹೆಸರಿದೆ, ಮಾಡಿದವರಿಗೆ ಶಾಲು ಹೊದಿಸುತ್ತಾರೆ. ಅಸಂಗಿಯಲ್ಲಿ ಅದಕ್ಕೆ ‘ಚಂದ್ರಾಬಾಯಿ ಓದೋದು’ ಎಂದಷ್ಟೇ ಹೆಸರು.

ಹೀಗೇಕೆ ಎಂದು ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಜತ್ತ ತಾಲೂಕಿನವರು ಯಾರೂ ಕೇಳುವುದಿಲ್ಲ. ಇಲ್ಲಿ ಒಲೆಯ ಮುಂದೆ ಕನ್ನಡ, ಕಚೇರಿಯ ಮುಂದೆ ಮರಾಠಿ. ಚಂದ್ರಾಬಾಯಿಯ ಅಪ್ಪ ಬಾಲಗಾಂವದಲ್ಲಿ ಕುರಿ ಕಾಯುತ್ತಿದ್ದ. ವರ್ಷದಲ್ಲಿ ಎಂಟು ತಿಂಗಳು ಹಿಂಡಿನ ಹಿಂದೆ ಅಲೆಯುವವನ ಮಗಳು ಸಾಲಿ ಕಲಿಯುವುದೆಂತು? ಆದ್ದರಿಂದ ಅವಳನ್ನು ಜತ್ತದ ವಸತಿಗೃಹಕ್ಕೆ ಹಾಕಿದ. ಅಲ್ಲಿ ಏಳನೆಯ ಇಯತ್ತೆಯವರೆಗೆ ಮರಾಠಿಯಲ್ಲಿ ಓದಿದಳು. ಕನ್ನಡ ಅಕ್ಷರವನ್ನು ಅವಳು ಕಂಡದ್ದು ವಿಜಯಪುರದಿಂದ ಬರುವ ಬಸ್ಸಿನ ಹಣೆಯ ಮೇಲೆ ಮಾತ್ರ. ಅವಳ ಅಜ್ಜ ಹಿಂದೊಮ್ಮೆ ಕೊಳೆತ ಕಾಲನ್ನು ದವಾಖಾನೆಯಲ್ಲಿ ಉಳಿಸಿಕೊಂಡು ಬಂದವನು, ಬರುವಾಗ ಒಂದು ದಪ್ಪ ಪುಸ್ತಕವನ್ನೂ ಯೇಸುವಿನ ಹೆಸರನ್ನೂ ತಂದಿದ್ದ. ಹೆಸರು ಮನೆಯಲ್ಲಿ ಉಳಿಯಿತು, ಪುಸ್ತಕ ಪೆಟ್ಟಿಗೆಯಲ್ಲಿ ಉಳಿಯಿತು. ಅಜ್ಜನಿಗೂ ಅಪ್ಪನಿಗೂ ಅಕ್ಷರ ಬಾರದು. ಎರಡು ತಲೆಮಾರು ಬಟ್ಟೆ ಸುತ್ತಿ ಇಟ್ಟಿದ್ದ ಆ ಪುಸ್ತಕವನ್ನು ಬಿಚ್ಚಿ ಮೊದಲ ಸಾಲು ಓದಿದವಳು ಹತ್ತು ವರ್ಷದ ಚಂದ್ರಾ. ಅಂದು ಅಪ್ಪ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮಗಳೆದುರು ಕುಳಿತದ್ದನ್ನು ಅವಳು ಮರೆತವಳಲ್ಲ.

ಮದುವೆಯಾಗಿ ಅಸಂಗಿಗೆ ಬಂದ ಮೇಲೆ ಓದುವ ಕೆಲಸ ತಾನಾಗಿಯೇ ಅವಳ ಹೆಗಲಿಗೆ ಬಿತ್ತು. ಅವಳ ಅಭ್ಯಾಸ ನಡೆಯುತ್ತಿದ್ದದ್ದು ಶನಿವಾರ, ಒಲೆಯ ಮುಂದೆ. ಹಿಟ್ಟಿನ ಡಬ್ಬಿಗೆ ಪುಸ್ತಕ ಆನಿಸಿ, ರೊಟ್ಟಿ ಬಡಿಯುತ್ತ, ಮರುದಿನದ ಅಧ್ಯಾಯವನ್ನು ಕಣ್ಣಲ್ಲಿ ಮರಾಠಿ ಓದಿ ಬಾಯಲ್ಲಿ ಕನ್ನಡ ಮಾಡುವಳು. ಒಂದು ಮಾತು ಕೂಡದಿದ್ದರೆ ರೊಟ್ಟಿ ಹಂಚಿನ ಮೇಲೆ ಸೀಯುತ್ತಿದ್ದರೂ ಏಳಳು. ಗಂಡ ಸೋಮನಾಥ ಕರಕಲು ರೊಟ್ಟಿ ಮುರಿಯುತ್ತ, "ಇವತ್ತಿನ ಅಧ್ಯಾಯ ಭಾಳ ಕಠಿಣ ಇತ್ತು ಕಾಣ್ತೈತಿ," ಎಂದು ನಗುವನು.

ಪುಸ್ತಕದ ಮಾತಿಗೆ ತನ್ನ ಕೈಯಿಂದ ಉಪ್ಪು ಹಾಕುವುದು ಅವಳ ಜಾಯಮಾನವಲ್ಲ. ದ್ರಾಕ್ಷಿ ತೋಟದ ಕೂಲಿಯವರ ಕಥೆ ಓದಿದ ರವಿವಾರ ದೊಡ್ಡ ಗಲಾಟೆಯೇ ಆಯಿತು. ಮುಂಜಾನೆ ಬಂದವರಿಗೂ ಸಂಜೆ ಬಂದವರಿಗೂ ಒಂದೇ ಪಗಾರ ಎಂದರೆ ದ್ರಾಕ್ಷಿ ಬಳ್ಳಿ ಕಟ್ಟಲು ಕೂಲಿಗೆ ಹೋಗುವ ಹೆಂಗಸರು ಸುಮ್ಮನಿರುತ್ತಾರೆಯೇ? ಸಭೆಯ ಹಿರಿಯಳಾದ ಸಂಗವ್ವ ಎರಡು ವಾರ ಚಂದ್ರಾಬಾಯಿಯ ಜೊತೆ ಮಾತು ಬಿಟ್ಟಳು. ಚಂದ್ರಾಬಾಯಿ ಒಂದಕ್ಷರ ಬದಲಿಸಲಿಲ್ಲ. "ಪುಸ್ತಕದಾಗ ಹಂಗ ಐತಿ, ಹಂಗ ಓದೀನಿ. ಜಗಳಾ ಮಾಡೂದಿದ್ರ ದೇವರ ಕೂಡ ಮಾಡ್ರಿ," ಎಂದಳು. ಅವಳ ಬಾಯಿಂದ ಬಂದದ್ದು ಶಾಸ್ತ್ರ ಎಂದು ಜನ ನಂಬಿದ್ದು ಇಂಥ ಹಟದಿಂದಲೇ. ಈ ನಂಬಿಕೆಯೇ ಅವಳ ಆಸ್ತಿ, ಅವಳ ಹೆಮ್ಮೆ.

ಹೀಗಿರುವಾಗ ಹೊಸ ಪಾಳಕರು ಬಂದರು. ಸಭೆ ನೋಡಿಕೊಳ್ಳುವವರನ್ನು ಈ ಕಡೆ ಪಾಳಕರು ಎನ್ನುತ್ತಾರೆ. ಇವರ ಹೆಸರು ಕಲ್ಮೇಶ, ವಿಜಯಪುರದ ಕಡೆಯವರು, ಮೂವತ್ತು ದಾಟಿರಲಿಲ್ಲ, ಮರಾಠಿ ಬಾರದು. ಆದರೆ ಆಳು ಚಟುವಟಿಕೆಯ ಮನುಷ್ಯ. ಬಂದ ವರ್ಷವೇ ಹದಿನಾಲ್ಕು ಮನೆಯವರನ್ನು ಹುರಿದುಂಬಿಸಿ ಊರ ಹೊರಗೆ ಪ್ರಾರ್ಥನಾ ಮಂದಿರದ ಗೋಡೆ ಎಬ್ಬಿಸಿದರು. ಗಂಡಸರು ಕಲ್ಲು ಹೊತ್ತರು, ಹೆಂಗಸರು ನೀರು ಹೊತ್ತರು. ತಗಡು ಏರುವ ಹೊತ್ತಿಗೆ ಪಾಳಕರು ಇನ್ನೊಂದು ಸಂತೋಷದ ಸುದ್ದಿ ತಂದರು. ಒಂದು ದೊಡ್ಡ ಪೆಟ್ಟಿಗೆಯ ತುಂಬ ಕನ್ನಡದಲ್ಲಿ ಅಚ್ಚಾದ ಶಾಸ್ತ್ರ, ಮನೆಗೊಂದರಂತೆ.

ಆ ರವಿವಾರ ಚಂದ್ರಾಬಾಯಿಯ ಪಡಸಾಲೆಯಲ್ಲಿ ಹೊಸ ಕಾಗದದ ವಾಸನೆ. ಪಾಳಕರು ತಾವೇ ಪುಸ್ತಕ ತೆರೆದು ನೂರು ಕುರಿಯ ಕಥೆ ಓದತೊಡಗಿದರು. ಒಬ್ಬನಿಗೆ ನೂರು ಕುರಿ, ಒಂದು ಕಳೆದುಹೋಗುತ್ತದೆ, ಅವನು ಉಳಿದ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋಗುತ್ತಾನೆ. ಅಷ್ಟು ಓದುವುದರಲ್ಲಿ ಸಂಗವ್ವ ಕೈ ಎತ್ತಿದಳು.

"ಪಾಳಕರ, ಒಂದ್ ಮಾತು ಬಿಟ್ರಿ ನೋಡ್ರಿ."

"ಯಾವ ಮಾತು ಆಯಿ?"

"ತಮ್ಮನ ಮಾತು. ತೊಂಬತ್ತೊಂಬತ್ತ ಕುರಿ ತಮ್ಮನ ಕೈಯಾಗ ಕೊಟ್ಟು ಹೋಗ್ತಾನ ಅಂವ."

ಪಾಳಕರು ಮತ್ತೊಮ್ಮೆ ಸಾಲಿನ ಮೇಲೆ ಕಣ್ಣಾಡಿಸಿದರು. "ತಮ್ಮ ಯಾರೂ ಇಲ್ಲ ಇದರಾಗ."

"ಅದಾನ್ರಿ!" ಎಂದಿತು ಇಡೀ ಪಡಸಾಲೆ. ಗಂಡಸರು ಹೇಳಿದರು, ಹೆಂಗಸರು ಹೇಳಿದರು, ಮೂಗು ಸುರಿಸುವ ಮಕ್ಕಳೂ ಹೇಳಿದವು. ‘ತಮ್ಮಾ, ಇವನ್ನ ನೋಡ್ಕೊ, ಬಂದ್ನಿ’ ಎಂದು ಕುರುಬ ಹೇಳುವ ಮಾತನ್ನು ಒಬ್ಬ ಹುಡುಗ ದನಿ ಏರಿಳಿಸಿ ಹೇಳಿಯೇ ತೋರಿಸಿದ. ಕೊನೆಗೆ ಸಂಗವ್ವ ತೀರ್ಪು ಕೊಟ್ಟಳು: "ಬಿಡ್ರಿ, ಅಚ್ಚು ಹಾಕುವಾಗ ಬಿಟ್ಟಾರ. ಹೊಸಾ ಪುಸ್ತಕದ ಹಣೇಬರಾನ ಅಷ್ಟು. ಮರಾಠಿ ಪುಸ್ತಕದಾಗ ಬರೋಬ್ಬರಿ ಐತಿ. ಹೌದಿಲ್ಲೋ ಚಂದ್ರಾಬಾಯಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಚಂದ್ರಾಬಾಯಿ ಸೆರಗು ಎಳೆದುಕೊಂಡಳು. "ನೋಡಿ ಹೇಳ್ತೀನಿ," ಎಂದಳು. ನೋಡುವುದೇನಿತ್ತು? ಆ ತಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನನ್ನು ಹೆತ್ತವಳು ಅವಳೇ.

ಅದು ಅವಳು ಓದಲು ತೊಡಗಿದ ಮೊದಲ ವರ್ಷದ ಮಾತು. ರೊಟ್ಟಿ ಬಡಿಯುತ್ತ ಅದೇ ಕಥೆಗೆ ಬಂದಿದ್ದಳು. ‘ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು’ ಎಂಬಲ್ಲಿಗೆ ಕೈ ನಿಂತುಹೋಯಿತು. ಹಿಂಡಿನ ಹಿಂದೆ ಬೆಳೆದ ಹುಡುಗಿ ಅವಳು. ಮಾಳದಲ್ಲಿ ಹಿಂಡನ್ನು ಒಂಟಿ ಬಿಟ್ಟು ಹೋದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅರ್ಧ ತಾಸು ಸಾಕು, ತೋಳ ತನ್ನ ಲೆಕ್ಕ ಮುಗಿಸಿಕೊಂಡು ಹೋಗಿರುತ್ತದೆ. ಕಾಯುವವರು ಇಬ್ಬರಿಲ್ಲದೆ ಅವಳ ಅಪ್ಪ ನೀರು ಕುಡಿಯಲೂ ಹಿಂಡು ಬಿಟ್ಟು ಹೋದವನಲ್ಲ. ಇಂಥದ್ದನ್ನು ನಾಳೆ ಕುರುಬರ ಮುಂದೆ ಓದುವುದು ಹೇಗೆ?

ಅದರಲ್ಲೂ ಅವಳಿಗೆ ವಿಠೋಬ ಮಾಮಾನ ಅಂಜಿಕೆ. ಪಕ್ಕದ ಹಟ್ಟಿಯ ಹಿರಿಯ ಕುರುಬ, ಬೀರದೇವರ ಭಂಡಾರದ ಅರಿಶಿನ ಹಣೆಯ ಮೇಲೆ ಸದಾ ಇರುವ ಮನುಷ್ಯ. ರವಿವಾರ ಚಹಾ ಸಿಗುತ್ತದೆಂದು ಬಂದು ಹೊಸ್ತಿಲಾಚೆ ಕಟ್ಟೆಯ ಮೇಲೆ ಕೋಲು ಊರಿ ಕುಳಿತು ಕೇಳುತ್ತಿದ್ದ. ಒಳಗೆ ಬಾ ಎಂದರೆ, "ನನಗ ಇಲ್ಲೇ ಗಾಳಿ ಚಲೋ ಐತಿ," ಎನ್ನುವನು. ‘ಎಂಥಾ ಕುರುಬನವ್ವಾ ನಿಮ್ಮಾಂವ, ಕುರಿ ಕಾಯಾಕ ಬರಂಗಿಲ್ಲೇನು’ ಎಂದು ಅವನು ನಕ್ಕರೆ? ಕಥೆಯ ಕುರುಬನೆಂದರೆ ಯೇಸುಸ್ವಾಮಿಯೇ; ತನ್ನ ಸ್ವಾಮಿಗೆ ಕುರಿ ಕಾಯಲು ಬರುವುದಿಲ್ಲ ಎಂಬ ಮಾತು ಚಂದ್ರಾಬಾಯಿಗೆ ಸಹಿಸಲಾಗದು. ಆದ್ದರಿಂದ ಮರುದಿನ ಓದುವಾಗ ಒಬ್ಬ ತಮ್ಮನನ್ನು ತಂದು ಹಿಂಡಿನ ಹತ್ತಿರ ನಿಲ್ಲಿಸಿದಳು. ಕಥೆ ಮುಗಿದಾಗ ಕಟ್ಟೆಯ ಮೇಲಿನಿಂದ ವಿಠೋಬ, "ಶಾಣ್ಯಾ ಕುರುಬ," ಎಂದಿದ್ದ. ಅಂದು ಅವಳು ಉಬ್ಬಿಹೋದಳು. ಆಮೇಲೆ ಆ ಕಥೆ ಬಂದಾಗಲೆಲ್ಲ ತಮ್ಮನೂ ಬಂದ.

ಸಂಜೆ ಪಾಳಕರು ಅವಳ ಮನೆಗೆ ಬಂದರು. ಚಹಾದ ಕಪ್ಪು ಕೆಳಗಿಟ್ಟು ಮೆತ್ತಗೆ ಹೇಳಿದರು: "ಚಂದ್ರಾಬಾಯಾರ, ಮರಾಠಿ ಪುಸ್ತಕಾನೂ ಓದಿಸಿ ಕೇಳೀನಿ. ತಮ್ಮ ಇಲ್ಲರಿ."

"ಇಲ್ಲರಿ," ಎಂದಳು ಚಂದ್ರಾಬಾಯಿ. ಸುತ್ತಿಬಳಸಲಿಲ್ಲ. ರೊಟ್ಟಿ, ತೋಳ, ವಿಠೋಬ, ಎಲ್ಲವನ್ನೂ ಹೇಳಿದಳು.

ಪಾಳಕರಿಗೆ ನಗು ಬಂತು, ತಡೆದುಕೊಂಡರು. "ಮತ್ತ ಎಲ್ಲೆಲ್ಲಿ ಸೇರಿಸೀರಿ?"

ಆ ಪ್ರಶ್ನೆ ಅವಳಿಗೆ ಚುಚ್ಚಿತು. "ಇದೊಂದ ರೀ. ದೇವರಾಣಿ ಇದೊಂದ."

"ನಾ ನಂಬತೀನಿ. ಆದ್ರ ಸಭಾಕ್ಕ ಗೊತ್ತಾಗಬೇಕಲ್ರಿ. ನಾ ಹೇಳಿದ್ರ ಚಾಡಿ ಹೇಳಿದಂಗ ಆಗತೈತಿ. ಮಂದಿರ ತೆರಿಯೋ ದಿನಾ ನೀವ ಓದ್ರಿ, ಇದ ಕಥಿ ಓದ್ರಿ. ಅಚ್ಚಿನಾಗ ಇದ್ದಂಗ, ಈ ಕನ್ನಡ ಪುಸ್ತಕದಾಗಿಂದ."

ಚಂದ್ರಾಬಾಯಿ ಆ ಪುಸ್ತಕವನ್ನು ತೆರೆದು ಮತ್ತೆ ಮುಚ್ಚಿದಳು. "ನನಗ ಕನ್ನಡ ಅಕ್ಷರ ಬರಂಗಿಲ್ಲರಿ."

ಪಾಳಕರಿಗೆ ಅದು ಗೊತ್ತೇ ಇರಲಿಲ್ಲ. ಮಂದಿರ ತೆರೆಯಲು ಇನ್ನು ಏಳು ವಾರವಿತ್ತು. "ಹಂಗಾದ್ರ ಬ್ಯಾಡ ಬಿಡ್ರಿ," ಎಂದರು ಕನಿಕರದಿಂದ. "ಕಲಿತ ಹುಡುಗೂರು ಅದಾರ, ಯಾರರ ಓದತಾರ. ನೀವು ಆರಾಮ ಕುಂತು ಕೇಳ್ರಿ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಕನಿಕರ ತಡೆಯಲಾಗಲಿಲ್ಲ. ಅವರು ಹೋದ ಮೇಲೆ ಗಂಡನಿಗೆ ಹೇಳಿದಳು, "ಒಂದ ಸುಳ್ಳಿಗೆ ಮೂವತ್ತೊಂದ ವರ್ಸ ಬೂದಿ ಆಗತಾವ. ಇದೊಂದು ಕಟ್ಟಿದಾಕಿ ಮತ್ತ ಏನೇನು ಕಟ್ಯಾಳೋ ಅಂತಾರ ಮಂದಿ. ಸತ್ತವರ ಮನ್ಯಾಗ ನಾ ಓದಿದ ಸಮಾಧಾನದ ಮಾತೂ ನಂದ ಅಂತಾರ."

"ಹಂಗಂತ ಕುಂದರತಿಯೇನು?" ಎಂದ ಸೋಮನಾಥ.

ಅವಳು ಕೂಡಲಿಲ್ಲ. ಮರುದಿನ ಮಧ್ಯಾಹ್ನ ಕನ್ನಡ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಸಿದ್ದವ್ವ ಅಕ್ಕೋರ ಮನೆಗೆ ನಡೆದಳು. ಸಿದ್ದವ್ವ ಅಕ್ಕೋರು ಕನ್ನಡ ಸಾಲಿಯಲ್ಲಿ ಮೂವತ್ನಾಲ್ಕು ವರ್ಷ ಕಲಿಸಿ ನಿವೃತ್ತರಾದವರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಗುಡ್ಡಾಪುರದ ದಾನಮ್ಮನಿಗೆ ತಪ್ಪದೆ ನಡೆದು ಹೋಗಿಬರುವ ಹೆಂಗಸು. ಬಂದ ಕಾರಣ ಕೇಳಿ ಅವರು ಕನ್ನಡಕ ಮೇಲೇರಿಸಿದರು.

"ಅರವತ್ತಕ್ಕ ಅರಳು ಮರಳು ಅಂತಾರ. ನಿನಗ ಅರಳು ಹುರಿಯೋ ಹುರುಪು ಬಂದೈತಲ್ಲ ಚಂದ್ರವ್ವ!"

"ಇನ್ನೂ ಐವತ್ತೆಂಟ ರೀ ಅಕ್ಕೋರ."

"ಹಂಗಾದ್ರ ಕುಂದ್ರು, ಇನ್ನೂ ಟೈಮ್ ಐತಿ."

ಪಾಟಿ ಬಳಪ ಹೊರಬಂದವು. ಅ ಆ ಇ ಈ ಎಂಬ ಸಾಲು ಮರಾಠಿಯಲ್ಲೂ ಅದೇ, ಕನ್ನಡದಲ್ಲೂ ಅದೇ. ದನಿ ಎಲ್ಲ ಗೊತ್ತು, ಮುಖ ಮಾತ್ರ ಗೊತ್ತಿಲ್ಲ. ಮೊದಲ ವಾರ ಅವಳ ಕಣ್ಣು ಅಕ್ಷರದ ತಲೆಯ ಮೇಲೆ ಉದ್ದ ಗೆರೆ ಹುಡುಕಿ ಹುಡುಕಿ ಸೋತಿತು. ಒತ್ತಕ್ಷರದ ಕಾಟವಂತೂ ಹೇಳತೀರದು. ಮರಾಠಿಯಲ್ಲಿ ಪಕ್ಕದಲ್ಲಿ ಅಂಟಿಕೊಂಡು ನಿಲ್ಲುವ ಅಕ್ಷರ ಇಲ್ಲಿ ಕೆಳಗೆ ಇಳಿದು ಅಡಗಿ ಕೂಡುತ್ತದೆ. "ಇವು ಮಂಚದ ಕೆಳಗ ಅಡಗಿದ ಬೆಕ್ಕಿನಂಗ ಅದಾವ್ರಿ," ಎಂದು ಅವಳು ಸಿಡಿಮಿಡಿಗೊಂಡರೆ ಅಕ್ಕೋರು, "ಬಗ್ಗಿ ನೋಡು, ಬಗ್ಗಿದ್ರ ಕಾಣ್ತಾವ," ಎನ್ನುವರು. ಬೇರೆಯವರ ಶಾಸ್ತ್ರ ಎಂದು ಅಕ್ಕೋರು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಕೈತೊಳೆದುಕೊಂಡೇ ಆ ಪುಸ್ತಕ ಮುಟ್ಟುತ್ತಿದ್ದರು. ಆದರೆ ಕಲಿಸುವುದರಲ್ಲಿ ಕರುಣೆ ಎಂಬುದಿಲ್ಲ. ತಪ್ಪಿದರೆ ಐವತ್ತೆಂಟರ ಹೆಂಗಸಿನ ಬೆರಳಿಗೂ ಬಳಪದಿಂದ ಒಂದು ಏಟು ಬೀಳುತ್ತಿತ್ತು.

ಒಲೆಯ ಮುಂದಿನ ಹಿಟ್ಟಿನ ಡಬ್ಬಿಗೆ ಈಗ ಪಾಟಿಯೂ ಆತುಕೊಂಡಿತು. ಎಮ್ಮೆ ಹಿಂಡುವಾಗ ಅದರ ಹೊಟ್ಟೆಯ ಮೇಲೆ ಒದ್ದೆ ಬೆರಳಿನಿಂದ ಬರೆದಳು. ಬಸ್ ನಿಲ್ದಾಣದಲ್ಲಿ ವಿಜಯಪುರದ ಬಸ್ಸು ಬಂದರೆ ಹತ್ತಬೇಕಾದ ಬಸ್ಸು ಬಿಟ್ಟು ಅದರ ಫಲಕ ಓದುತ್ತ ನಿಂತಳು. ಐದನೆಯ ವಾರ ಅಕ್ಕೋರ ಮುಂದೆ ಇಡೀ ಕಥೆಯನ್ನು ಒಂದೇ ಉಸಿರಿಗೆ ಓದಿ ಮುಗಿಸಿದಾಗ ಅಕ್ಕೋರು ಒಳಗೆ ಹೋಗಿ ಒಂದು ಮುಷ್ಟಿ ಸಕ್ಕರೆ ತಂದು ಅವಳ ಬಾಯಿಗೆ ಹಾಕಿದರು. "ನನ್ನ ಕಡೀ ವಿದ್ಯಾರ್ಥಿ ನೀನು. ಪಾಸಾದಿ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅಂದು ಚಂದ್ರಾಬಾಯಿ ಊರ ನಡುವಿನ ದಾರಿಯಲ್ಲಿ ಸೆರಗಿನಲ್ಲಿ ಸುತ್ತದೆ, ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಎದೆಗೆ ಹಿಡಿದು ನಡೆದು ಬಂದಳು. ಏಕೆ ಬರಬಾರದು? ಎರಡು ಭಾಷೆಯ ಅಕ್ಷರ ಬಲ್ಲ ಹೆಂಗಸರು ಅವಳ ಓಣಿಯಲ್ಲಿ ಎಷ್ಟು ಜನ ಇದ್ದರು?

ಓದುವುದೇನೋ ಬಂತು. ಹೇಳುವುದು ಇನ್ನೂ ಬಾಕಿ ಇತ್ತು. ಅಚ್ಚಿನಲ್ಲಿದ್ದಂತೆ ಓದಿ ಸುಮ್ಮನೆ ಕುಳಿತುಬಿಡಬಹುದಿತ್ತು. ಹೊಸ ಪುಸ್ತಕ ಹಾಗಿದೆ ಎಂದು ಜನ ಒಪ್ಪುತ್ತಿದ್ದರು, ಸಂಗವ್ವ ಅಚ್ಚು ಹಾಕಿದವರನ್ನು ಬೈಯುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಪಾಳಕರೂ ಬಾಯಿ ಬಿಡುವವರಲ್ಲ. ಆದರೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತಾಗುತ್ತದೆ. ಶಾಸ್ತ್ರ ಓದುವ ಬಾಯಿಗೆ ಅದು ತಕ್ಕದ್ದಲ್ಲ ಎಂದು ಚಂದ್ರಾಬಾಯಿಗೆ ಗೊತ್ತಿತ್ತು. ತಪ್ಪೊಪ್ಪಿಕೊಂಡ ಮೇಲೂ ಜನ ತನ್ನಿಂದ ಓದಿಸಿಯಾರೇ ಎಂಬುದಷ್ಟೇ ಗೊತ್ತಿರಲಿಲ್ಲ.

ಮಂದಿರ ತೆರೆಯುವ ದಿನ ಬಂತು. ನೀಲಿ ಬಣ್ಣದ ಗೋಡೆ, ಹೊಸ ತಗಡು, ನೆಲಕ್ಕೆ ಹಾಸಿದ ಜಮಖಾನೆ. ಬಾಲಗಾಂವದಿಂದ ಅವಳ ತವರಿನವರು ಬಂದಿದ್ದರು. ಸಿದ್ದವ್ವ ಅಕ್ಕೋರು ರೇಷ್ಮೆ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಪರೀಕ್ಷೆಗೆ ಕೂತವರಂತೆ ಬಿಗಿಯಾಗಿ ಕುಳಿತಿದ್ದರು. ವಿಠೋಬ ಮಾಮಾ ಈಗ ಎಂಬತ್ತರ ಹತ್ತಿರ. ಹೊಸ ಮಂದಿರಕ್ಕೂ ಹೊರಗೊಂದು ಮೆಟ್ಟಿಲು ಇತ್ತು, ಅವನು ಅದರ ಮೇಲೆ ಕೋಲು ಊರಿ ಕುಳಿತ.

ಪಾಳಕರು ಕರೆದಾಗ ಚಂದ್ರಾಬಾಯಿ ಎದ್ದು ನಿಂತಳು. ಕೈಯಲ್ಲಿ ಕನ್ನಡ ಪುಸ್ತಕ ಕಂಡು ಸಭೆಯಲ್ಲಿ ಗುಜುಗುಜು ಎದ್ದಿತು. ಅವಳು ಓದಿದಳು. ಒತ್ತಕ್ಷರಗಳು ಒಂದೊಂದಾಗಿ ಬಂದು ತಲೆಬಾಗಿ ಹೋದವು. ಆ ಸಾಲಿಗೆ ಬಂದಳು: "ಉಳಿದ ತೊಂಬತ್ತೊಂಬತ್ತನ್ನು ಅಡವಿಯಲ್ಲೇ ಬಿಟ್ಟು, ಕಳೆದುಹೋದ ಒಂದರ ಹಿಂದೆ ಹೋಗುವನಲ್ಲವೇ?"

ಅಲ್ಲಿ ಬೆರಳಿಟ್ಟು ತಲೆಯೆತ್ತಿದಳು.

"ತಮ್ಮ ಇಲ್ಲರಿ," ಎಂದಳು. "ಈ ಪುಸ್ತಕದಾಗೂ ಇಲ್ಲ, ಮರಾಠ್ಯಾಗೂ ಇಲ್ಲ. ಅಚ್ಚು ಹಾಕಿದವರು ಬಿಟ್ಟಿಲ್ಲ. ನಾ ಸೇರಿಸಿದ್ನಿ. ಹಿಂಡು ಬಿಟ್ಟು ಹೋಗೋ ಕುರುಬನ್ನ ನೋಡಿ ನೀವು ನಗತೀರಿ ಅಂತ ಅಂಜಿ ಸೇರಿಸಿದ್ನಿ. ಮೂವತ್ತೊಂದ ವರ್ಸ ನಿಮಗ ಸುಳ್ಳ ಓದೀನಿ. ಇದೊಂದ ಜಾಗಾದಾಗ, ಮತ್ತ ಎಲ್ಲೂ ಇಲ್ಲ. ನಂಬೂದು ಬಿಡೂದು ನಿಮಗ ಸೇರಿದ್ದು."

ಸಂಗವ್ವನ ಬಾಯಿ ತೆರೆದೇ ಇತ್ತು. ಚಂದ್ರಾಬಾಯಿ ಕೂಡಲಿಲ್ಲ. ಹೇಳಬೇಕಾದ್ದನ್ನು ಹೇಳಿದ್ದಳು. ಇನ್ನು ಪುಸ್ತಕ ಕೆಳಗಿಡು ಎಂದರೆ ಇಟ್ಟುಬಿಡುವುದು, ಅಷ್ಟೇ.

ಆಗ ಬಾಗಿಲಲ್ಲಿ ಕೋಲು ಸದ್ದಾಯಿತು. ವಿಠೋಬ ಎದ್ದು ನಿಂತಿದ್ದ.

"ಚಂದ್ರಾ, ಇನ್ನೊಮ್ಮಿ ಓದು. ಖರೇನ ಬಿಟ್ಟು ಹೋದನೇನು?"

"ಬಿಟ್ಟು ಹೋದ ಮಾಮಾ."

"ಯಾರ ಕೈಯಾಗೂ ಕೊಡಲಿಲ್ಲ?"

"ಯಾರ ಕೈಯಾಗೂ ಕೊಡಲಿಲ್ಲ."

ವಿಠೋಬ ಮುಂದಿನ ಮಾತಾಡುವ ಮೊದಲು ಒಂದು ಸಂಗತಿ ಹೇಳಬೇಕು. ಊರಿನಲ್ಲಿ ಅವನನ್ನು ಬೆನ್ನ ಹಿಂದೆ ನಿದ್ದಿ ವಿಠೋಬ ಎನ್ನುತ್ತಿದ್ದರು. ಹರೆಯದಲ್ಲಿ ಅವನು ಮಾಳದಲ್ಲಿ ನಿದ್ದೆಹೋದನಂತೆ, ತೋಳ ಬಿದ್ದು ಒಂಬತ್ತು ಕುರಿ ಹೋದವಂತೆ. ಅಂದಿನಿಂದ ಅಂಟಿದ ಹೆಸರು ಅದು. ಅವನ ಮೊಮ್ಮಕ್ಕಳಿಗೂ ಗೊತ್ತು.

"ನನಗ ನಿದ್ದಿ ಹತ್ತಿದ್ದಿಲ್ಲ," ಎಂದ ವಿಠೋಬ. "ಒಂದು ಕುಂಟ ಮರಿ ಇತ್ತು. ತಾಯಿ ಸತ್ತಿತ್ತು, ನಾನ ಆಡಿನ ಹಾಲು ಕುಡಿಸಿ ಬೆಳಸಿದ್ನಿ. ಅವತ್ತು ಹೊತ್ತು ಮುಳುಗೂ ಮುಂದ ನೋಡತೀನಿ, ಅದು ಇಲ್ಲ. ನನಗ ತಡಿಯಾಕ ಆಗಲಿಲ್ಲ. ಎಲ್ಲಾ ಬಿಟ್ಟು ಓಡಿದ್ನಿ. ಅಪ್ಪಗ ನಿದ್ದಿ ಹತ್ತಿತ್ತು ಅಂತ ಹೇಳಿದ್ನಿ. ನಿದ್ದಿ ಹತ್ತಿತ್ತು ಅಂದ್ರ ನಾಕ ಏಟು ಹೊಡದು ಬಿಡತಾರ. ಕುಂಟ ಮರೀ ಸಲುವಾಗಿ ಹಿಂಡ ಬಿಟ್ಟು ಹೋಗಿದ್ನಿ ಅಂದ್ರ ಹುಚ್ಚ ಅಂತ ಕೈಯಾಗಿನ ಕೋಲ ಕಸಗೋತಾರ."

ಅವನು ಸಭೆಯ ಕಡೆ ನೋಡಲಿಲ್ಲ, ಚಂದ್ರಾಬಾಯಿಯನ್ನೇ ನೋಡುತ್ತಿದ್ದ.

"ಆ ತಮ್ಮನ್ನ ಯಾಕ ತಂದಿ ಮಗಳ ನಡುವ? ನಿಮ್ಮಾಂವ ಶಾಣ್ಯಾ ಕುರುಬ, ನನ್ನಂಥಾವನ ಗುರ್ತ ಅಂವಗ ಆಗಾಂಗಿಲ್ಲ ಅಂತ ಹೊರಗ ಕುಂತ್ನಿ ಇಷ್ಟು ವರ್ಸ. ಅಂವನೂ ಬಿಟ್ಟು ಓಡಿದಾಂವ ಅಂತ ಗೊತ್ತಿದ್ರ ಯಾವಾಗೋ ಒಳಗ ಬರತಿದ್ನಿ."

ಚಂದ್ರಾಬಾಯಿಗೆ ಈಗ ತಿಳಿಯಿತು. ತನ್ನ ಸ್ವಾಮಿಯ ಮಾನ ಉಳಿಸಲು ಹೋಗಿ, ಅವನ ಮಾತು ಯಾರಿಗೆ ತಾಗಬೇಕಿತ್ತೋ ಆ ಮುದುಕನ ಮುಂದೆ ಒಂದು ಗೋಡೆ ಕಟ್ಟಿದ್ದಳು. ಅಳು ಬಂತು, ಪುಸ್ತಕ ಮುಚ್ಚಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿಠೋಬ ಚಪ್ಪಲಿ ಬಿಟ್ಟ, ಹೊಸ್ತಿಲು ದಾಟಿದ, ಹಣೆಯ ಭಂಡಾರದೊಂದಿಗೇ ಬಂದು ಮುಂದಿನ ಸಾಲಿನಲ್ಲಿ ಕುಳಿತ. ಸಂಗವ್ವ ಅವನಿಗೆ ಜಾಗ ಬಿಟ್ಟು ಸರಿದು ಕೂತಳು.

"ಮರಿ ಸಿಕ್ಕಿತ್ತೇನಪಾ?" ಎಂದು ಮೆತ್ತಗೆ ಕೇಳಿದಳು.

ವಿಠೋಬ ಚಂದ್ರಾಬಾಯಿಯ ಕಡೆ ಗದ್ದ ಎತ್ತಿ, "ನೀನ ಓದು, ಮುಂದ ಏನೈತಿ," ಎಂದ.

"ಹೂಂ, ಓದವ್ವ," ಎಂದಳು ಸಂಗವ್ವ. "ಪುಸ್ತಕ ಯಾಕ ಮುಚ್ಚತಿ? ನಿನ್ನ ಬಿಟ್ಟು ಯಾರು ಓದಬೇಕು?"

ಚಂದ್ರಾಬಾಯಿ ಪುಸ್ತಕ ತೆರೆದು ಸಾಲಿನ ಮೇಲೆ ಬೆರಳಿಟ್ಟಳು. ಒಂದು ಮಾತು ಕೂಡಿಸದೆ, ಒಂದು ಮಾತು ಕಳೆಯದೆ, ಹಿಂದಿನ ಸಾಲಿನ ಅಕ್ಕೋರಿಗೂ ಹೊರಗೆ ನಿಂತ ಊರವರಿಗೂ ಕೇಳುವಂತೆ, ತಲೆ ನೆಟ್ಟಗೆ ಮಾಡಿ ಓದಿದಳು: "ಅದು ಸಿಕ್ಕಾಗ ಅವನು ಸಂತೋಷದಿಂದ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬರುವನು."